ಮೂರು ಗಂಟೆಯ ಕಾಫಿಯ ಚಿತ್ರ

ಕಳೆದ ಬೇಸಗೆಯಲ್ಲಿ ಚನ್ನರಾಯಪಟ್ಟಣದ ನಮ್ಮ ಹಿರಿಯರ ಮನೆಯಲ್ಲಿ ಬಂಧುಗಳೆಲ್ಲ ಸೇರಿದ್ದಾಗ ಒಂದು ಸಣ್ಣ ಕಲಹ ನಡೆಯಿತು. ಚಿತ್ರಕಲೆ ಕಲಿಯುತ್ತಿರುವ ನನ್ನ ಸೋದರಳಿಯನೇ ಅದಕ್ಕೆ ಕಾರಣ. ಮಧ್ಯಾಹ್ನದ ನಿದ್ದೆ ಮುಗಿದು ಎಲ್ಲರೂ ನಡುಮನೆಯಲ್ಲಿ ಕಾಫಿಗೆ ಕುಳಿತ ಹೊತ್ತನ್ನು ಅವನು ಬಣ್ಣದಲ್ಲಿ ಬರೆದಿದ್ದನು. ಕಂಬಕ್ಕೆ ಒರಗಿದ ಚಿಕ್ಕಪ್ಪನವರು, ಲೋಟವನ್ನೆತ್ತಿ ಕಾಫಿ ಆರಿಸುತ್ತಿರುವ ಭಾವ, ಕೋಡುಬಳೆಯ ತಟ್ಟೆಗೆ ಕೈಹಾಕಿದ ಮಕ್ಕಳು, ಎಲ್ಲರೂ ಇದ್ದರು. ನನ್ನ ಅತ್ತಿಗೆಯವರು ಮಾತ್ರ ಇರಲಿಲ್ಲ. ಅಡುಗೆಮನೆಯ ಬಾಗಿಲ ಸಂದಿನಲ್ಲಿ ಬಳೆ ತೊಟ್ಟ ಒಂದು ಕೈ, ಕೈಯಲ್ಲಿ ಲೋಟಗಳ ತಟ್ಟೆ; ಅಷ್ಟೆ.

"ಮನೆಯ ಯಜಮಾನಿಯನ್ನೇ ಬಿಟ್ಟೆಯಲ್ಲೋ!" ಎಂದು ಚಿಕ್ಕಪ್ಪನವರು ಗದರಿದರು.

"ಅತ್ತೆ ಕೂತದ್ದನ್ನು ನಾನು ನೋಡಲೇ ಇಲ್ಲ, ತಾತ" ಎಂದನು ಹುಡುಗ.

ಆಮೇಲೆ ಯಾರೂ ಮಾತಾಡಲಿಲ್ಲ.

ನನಗೆ ಮೇರಿ ಕಸಾಟ್ ಎಂಬ ಚಿತ್ರಕಾರ್ತಿಯ ನೆನಪಾಯಿತು. ಅಮೆರಿಕೆಯಲ್ಲಿ ೧೮೪೪ರಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ನೆಲಸಿ, ಇಂಪ್ರೆಷನಿಸ್ಟರೊಡನೆ ಚಿತ್ರಗಳನ್ನು ಪ್ರದರ್ಶಿಸಿದವಳು ಈಕೆ. ಅವಳ ಗೆಳೆಯರು ಕಾಫಿ ಅಂಗಡಿಗಳನ್ನೂ ನೃತ್ಯಶಾಲೆಗಳನ್ನೂ ಬರೆದರು. ಮರ್ಯಾದಸ್ಥ ಹೆಂಗಸು ಒಬ್ಬಳೇ ಹೋಗಿ ಕೂರಬಹುದಾದ ಸ್ಥಳಗಳಲ್ಲ ಅವು. ಇವಳು ಮನೆಯ ಚಹದ ಮೇಜನ್ನು ಬರೆದಳು. ಒಮ್ಮೆ ತಾಯಿಯ ಸೋದರಸಂಬಂಧಿಯೊಬ್ಬರ ಮನೆಯವರು ನೀಲಿ ಬಿಳುಪಿನ ಪಿಂಗಾಣಿಯ ಚಹದ ಪಾತ್ರೆಗಳನ್ನು ಉಡುಗೊರೆ ಕೊಟ್ಟರು. ಪ್ರತಿಯಾಗಿ ಆಕೆ, ೧೮೮೩ರಿಂದ ೧೮೮೫ರೊಳಗೆ, ಅದೇ ಪಾತ್ರೆಗಳ ಮುಂದೆ ಆ ಹಿರಿಯಳನ್ನು ಕೂರಿಸಿ ಚಿತ್ರ ಬರೆದಳು. ಮೂಗು ದೊಡ್ಡದಾಯಿತೆಂದು ಮಗಳಿಗೆ ಅಸಮಾಧಾನ! ಚಿತ್ರವು ದಶಕಗಳ ಕಾಲ ಮೂಲೆಯಲ್ಲಿದ್ದು, ೧೯೨೩ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವನ್ನು ಸೇರಿತು. ಬಂಧುಗಳಿಗೆ ಚಿತ್ರವೆಂದರೆ ಎಲ್ಲೆಡೆಯೂ ಮರ್ಯಾದೆಯ ಪ್ರಶ್ನೆಯೇ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ತಾಲೂಕಿನಲ್ಲೇ ಇರುವ ಶ್ರವಣಬೆಳಗೊಳದ ಜೈನಮಠದ ಗೋಡೆಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಇದೆ. ನೋಡಲು ಬಂದವರೆಲ್ಲ ಅಲ್ಲಿಯೇ ನಿಲ್ಲುತ್ತಾರೆ. ನನ್ನ ಕಣ್ಣಿಗೆ ಹೆಚ್ಚಿನದಾಗಿ ಕಂಡದ್ದು ಒಂದು ಮರ, ಅದರ ಸುತ್ತ ಆರು ಜನ. ಷಡ್ಲೇಶ್ಯೆಗಳ ಚಿತ್ರವದು. ಹಣ್ಣು ಎಲ್ಲರಿಗೂ ಬೇಕು. ಕೃಷ್ಣಲೇಶ್ಯೆಯವನು ಬುಡಕ್ಕೇ ಕೊಡಲಿಯಿಡುತ್ತಾನೆ, ಮತ್ತೊಬ್ಬನು ಕೊಂಬೆ ಕಡಿಯಲೆಳಸುತ್ತಾನೆ, ಶುಕ್ಲಲೇಶ್ಯೆಯವನು ನೆಲಕ್ಕೆ ಬಿದ್ದುದನ್ನಷ್ಟೇ ಆಯ್ದುಕೊಳ್ಳುತ್ತಾನೆ. ತಿನ್ನುವ ವಸ್ತುವಿನತ್ತ ಮನುಷ್ಯನ ಕೈ ಹೇಗೆ ಚಾಚುತ್ತದೆ ಎಂಬುದರಿಂದಲೇ ಅವನ ಅಂತರಂಗವನ್ನು ತೋರಿಸಿದ ಆ ಹಳೆಯ ಚಿತ್ರಗಾರನಿಗೂ ನಮ್ಮ ಹುಡುಗನಿಗೂ ಏನೋ ನಂಟಿದೆ ಎನ್ನಿಸಿತು. ಅಲ್ಲಿ ಚಾಚಿದ ಕೈಗಳು. ಇಲ್ಲಿ ನೀಡುವ ಕೈಯೊಂದು.

ನಮ್ಮ ಶಾಲೆಗಳ ಚಿತ್ರದ ಪುಸ್ತಕಗಳಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನ ಮರ ತಪ್ಪದೆ ಇರುತ್ತವೆ. (ತೆಂಗಿನ ಸೀಮೆಯವರಾದ ನಮಗೆ ಮರವೇನೋ ಸಲ್ಲುತ್ತದೆ.) ಉಪಾಧ್ಯಾಯರು ಒಮ್ಮೆ "ನಿಮ್ಮ ಮನೆಯ ಕಾಫಿಯ ಹೊತ್ತನ್ನು ಬರೆಯಿರಿ" ಎಂದು ಹೇಳಿ ನೋಡಬೇಕು. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಎಂಬುದನ್ನು ಮಕ್ಕಳು ಸುಳ್ಳಿಲ್ಲದೆ ಬರೆದಾರು. ಆ ಹಾಳೆಗಳನ್ನು ಮನೆಗೆ ಕೊಟ್ಟು ಕಳಿಸುವ ಧೈರ್ಯ ಉಪಾಧ್ಯಾಯರಿಗಿರಬೇಕು, ಅಷ್ಟೆ.

ಅತ್ತಿಗೆಯವರನ್ನು ಚಿತ್ರದೊಳಗೆ ಸೇರಿಸಿ ತಿದ್ದಿಕೊಡೆಂದು ಚಿಕ್ಕಪ್ಪನವರು ಹುಡುಗನಿಗೆ ಹೇಳಿದ್ದಾರೆ. ತಿದ್ದಕೂಡದೆಂಬುದು ನನ್ನ ಮತ. ನಲವತ್ತು ವರ್ಷ ಕೂರದವರನ್ನು ಕುಂಚದಿಂದ ಕೂರಿಸುವುದು ಸುಲಭ. ಅತ್ತಿಗೆಯವರು ಮಾತ್ರ ಚಿತ್ರವನ್ನು ಬಹಳ ಹೊತ್ತು ನೋಡಿ, "ಬಳೆ ನನ್ನದೇ" ಎಂದು ಒಳಗೆ ಹೋದರು.

ಚಿತ್ರ ಈಗ ಅಟ್ಟದ ಮೇಲಿದೆ. ಅದನ್ನು ಇಳಿಸಿ ನಡುಮನೆಯಲ್ಲಿ ತೂಗುಹಾಕಬೇಕೆಂದು ಅಣ್ಣನಿಗೆ ಬರೆದಿದ್ದೇನೆ. ಅತ್ತಿಗೆಯವರನ್ನು ಕೇಳಿಯೇ ಹಾಕಬೇಕೆಂದೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.