ಹೊಳೆ ಇಳಿದ ದಾರಿಯಲ್ಲಿ ನೆಂಟರ ಮನೆಗೆ

ಬೇಸಿಗೆ ಬಂದೊಡನೆ ಬಯಲುಸೀಮೆಯ ವಾಹನಗಳು ಸಾಲುಗಟ್ಟಿ ಘಟ್ಟ ಹತ್ತುತ್ತವೆ. ಪ್ರವಾಸಿಗರು ಹಳ್ಳದ ದಂಡೆಯಲ್ಲಿ ಬಿಟ್ಟುಹೋಗುವ ಬಾಟಲಿ, ಪ್ಲಾಸ್ಟಿಕ್ ತಟ್ಟೆಗಳನ್ನು ಕಂಡು ಮಲೆನಾಡಿಗರು ಸಿಟ್ಟಾಗುತ್ತಾರೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದೇ ದಿನಗಳಲ್ಲಿ ಮಲೆನಾಡಿನವರೂ ಬಯಲಿಗೆ ಇಳಿಯುತ್ತಾರೆ. ಮದುವೆ, ಗೃಹಪ್ರವೇಶ, ಮೊಮ್ಮಕ್ಕಳ ರಜೆ ಎಂದು ದಾವಣಗೆರೆ, ಹರಿಹರಗಳ ನೆಂಟರ ಮನೆಗೆ ಹೋಗಿಬರುತ್ತಾರೆ. ಅವರಿಗಿಂತ ಮೊದಲೇ ಆ ಮನೆಗಳನ್ನು ಸೇರಿರುವುದು ಮಲೆನಾಡಿನ ಹೊಳೆ. ಅದರ ಕ್ಷೇಮವನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಶೃಂಗೇರಿ ಸೀಮೆಯ ಅಡಿಕೆ ಬೆಳೆಗಾರ ದಂಪತಿ ದಾವಣಗೆರೆಯ ಮಗಳ ಮನೆಗೆ ಕಾರಿನಲ್ಲಿ ಹೊರಟಿದ್ದಾರೆಂದು ಭಾವಿಸಿ. ತೀರ್ಥಹಳ್ಳಿ, ಮಂಡಗದ್ದೆ, ಸಕ್ರೆಬೈಲಿನ ಆನೆ ಬಿಡಾರ, ಗಾಜನೂರಿನ ಅಣೆಕಟ್ಟು ಇವೆಲ್ಲ ತುಂಗೆಯ ದಂಡೆಯವೇ. ಶಿವಮೊಗ್ಗದಲ್ಲಿ ನಗರದ ಕೊಳಚೆ ತುಂಗೆಗೆ ಸೇರುತ್ತದೆ. ಹೊಳೆಹೊನ್ನೂರು ಸಮೀಪದ ಕೂಡಲಿಯಲ್ಲಿ ಭದ್ರೆ ಜೊತೆಯಾಗುತ್ತಾಳೆ. ಗಂಗಾಮೂಲದ ಒಂದೇ ಬೆಟ್ಟದಲ್ಲಿ ಹುಟ್ಟಿ ಬೇರೆ ಬೇರೆ ಕಣಿವೆಗಳಲ್ಲಿ ಹರಿದ ಎರಡು ಹೊಳೆಗಳು ಅಲ್ಲಿಂದ ಮುಂದೆ ತುಂಗಭದ್ರೆ. ಹೊನ್ನಾಳಿ ದಾಟಿದರೆ ಹರಿಹರ.

ಹರಿಹರದಲ್ಲಿ ಪ್ರವಾಸಿಗರು ನೋಡುವುದು ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು. ಅರ್ಧ ಹರಿ, ಅರ್ಧ ಹರನಾದ ಮೂರ್ತಿಗೆ ಕೈಮುಗಿದು ಹೊರಟುಬಿಡುತ್ತಾರೆ. ಮಲೆನಾಡಿನವರು ಇನ್ನೂ ಹತ್ತು ನಿಮಿಷ ನಿಂತು ಹೊಳೆಗೆ ಇಳಿಯಬೇಕು. ಎದುರು ದಡದತ್ತ ಕಣ್ಣು ಹಾಯಿಸಬೇಕು. ಅಲ್ಲಿರುವುದು ಕುಮಾರಪಟ್ಟಣಂ. ಅಲ್ಲಿನ ಪಾಲಿಫೈಬರ್ ಕಾರ್ಖಾನೆಗೆ ನೀಲಗಿರಿ ಒದಗಿಸಲೆಂದೇ 1984ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆ ಹುಟ್ಟಿತು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಅದಕ್ಕೆ ಕೊಡುವ ನಿರ್ಧಾರವಾಯಿತು. ದನ ಮೇಯುವ, ಸೌದೆ ಸೊಪ್ಪು ತರುವ ನೆಲ ಕೈತಪ್ಪುವುದನ್ನು ಕಂಡು ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಅದೇ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಹರಿಹರದ ಹೊಳೆ ಮತ್ತು ಮಲೆನಾಡಿನ ಗೋಮಾಳ ಎರಡಕ್ಕೂ ಒಂದೇ ಕಾಲದಲ್ಲಿ ಪೆಟ್ಟು ಬಿದ್ದಿತ್ತೆಂಬುದನ್ನು ವಿದ್ಯಾರ್ಥಿಗಳು ಆ ದಂಡೆಯ ಮೇಲೆ ನಿಂತು ತಿಳಿಯಬೇಕು.

ದಾವಣಗೆರೆಯಲ್ಲಿ ಮಗಳ ಮನೆಯ ಬಾಗಿಲಿಗೆ ಬಂದವರಿಗೆ ಮೊದಲು ಸಿಗುವುದು ಒಂದು ಲೋಟ ನೀರು. ಆ ನಗರಕ್ಕೆ ನೀರು ಬರುವುದು ಹರಿಹರ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ; ಜೊತೆಗೆ ಭದ್ರಾ ನಾಲೆಯಿಂದ ತುಂಬುವ ಕುಂದುವಾಡ ಕೆರೆಯಿಂದ. ಅಂದರೆ ತೋಟದಿಂದ ಇಳಿದುಹೋದ ನೀರನ್ನೇ ಅವರು ನೆಂಟರ ಮನೆಯಲ್ಲಿ ಕುಡಿಯುತ್ತಾರೆ. ಬೆಣ್ಣೆದೋಸೆಯ ರುಚಿಯನ್ನು ಊರಿಗೆ ಬಂದು ಬಣ್ಣಿಸುವವರು ಈ ನೀರಿನ ಸುದ್ದಿಯನ್ನೂ ತರಬೇಕಲ್ಲವೇ?

ಮರಳುವಾಗ ಚನ್ನಗಿರಿಯ ದಾರಿ ಹಿಡಿದರೆ ಸೂಳೆಕೆರೆ ಸಿಗುತ್ತದೆ. ಅಲ್ಲಿಂದ ಹೊರಡುವ ಹರಿದ್ರಾ ಹಳ್ಳ ಹರಿಹರದಲ್ಲೇ ತುಂಗಭದ್ರೆಯನ್ನು ಕೂಡುತ್ತದೆ. ದಾರಿಯುದ್ದಕ್ಕೂ ಭದ್ರಾ ನಾಲೆಯ ಗದ್ದೆಗಳು, ಗದ್ದೆಯ ಜಾಗದಲ್ಲಿ ಎದ್ದ ಅಡಿಕೆ ತೋಟಗಳು. ಬೇಸಿಗೆ ಬೆಳೆಗೆ ನಾಲೆಯ ಕೊನೆಯ ಭಾಗಕ್ಕೆ ನೀರು ತಲುಪಲಿಲ್ಲವೆಂದು ರೈತರು ರಸ್ತೆಗಿಳಿಯುವುದು ಇದೇ ಸೀಮೆಯಲ್ಲಿ. 186 ಅಡಿಯ ಭದ್ರಾ ಜಲಾಶಯ ಎಷ್ಟು ತುಂಬಿತೆಂದು ಅವರು ದಿನವೂ ವಿಚಾರಿಸುತ್ತಾರೆ. ಅದನ್ನು ತುಂಬಿಸುವ ಕಾಡು ಎಷ್ಟು ಉಳಿದಿದೆಯೆಂದು ವಿಚಾರಿಸಬೇಕಾದವರು ಮೇಲಿನವರು.

ಕಾರ್ಖಾನೆ, ನಗರಗಳ ಮೇಲೆ ಬೆರಳು ತೋರುವುದು ಸುಲಭ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರ ತೋಟದ ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ. ಮಣ್ಣಿಗಂಟಿ ಉಳಿಯುತ್ತದೆ, ಮಣ್ಣು ಕೊಚ್ಚಿದಾಗ ಹಳ್ಳ ಸೇರುತ್ತದೆ. ಕಳೆನಾಶಕ ಹೊಡೆದು ಬೋಳಾದ ನೆಲದಿಂದ ಮಣ್ಣು ಇನ್ನೂ ಬೇಗ ಕೊಚ್ಚುತ್ತದೆ. ಔಷಧಿ ಬೇಡವೆಂದು ಬೆಳೆಗಾರನಿಗೆ ಉಪದೇಶಿಸುವುದು ನ್ಯಾಯವಲ್ಲ. ರೋಗ ಬಂದರೆ ವರ್ಷದ ಫಸಲೇ ಹೋಗುತ್ತದೆ. ಆದರೆ ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲದಿರುವುದು, ಡ್ರಮ್ಮನ್ನು ಹರಿಯುವ ನೀರಲ್ಲಿ ತೊಳೆಯದಿರುವುದು, ಹಳ್ಳದ ಅಂಚಿನಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆಗಳ ಸಾಲು ಉಳಿಸುವುದು ಎಲ್ಲರ ಕೈಯಲ್ಲಿರುವ ಕೆಲಸ.

2024ರ ನವೆಂಬರ್‌ನಲ್ಲಿ ‘ನಿರ್ಮಲ ತುಂಗಭದ್ರಾ’ ಅಭಿಯಾನದವರು ಶೃಂಗೇರಿಯಿಂದ ಹರಿಹರದತ್ತ ಹೊಳೆಯ ದಾರಿಯಲ್ಲೇ ನಡೆದರು. ಎಲ್ಲರೂ ಹಾಗೆ ನಡೆಯಲಾರರು. ಆದರೆ ನೆಂಟರ ಮನೆಗೆ ಹೊರಟವರು ಗಾಜನೂರು, ಕೂಡಲಿ, ಹರಿಹರಗಳಲ್ಲಿ ಕಾರು ನಿಲ್ಲಿಸಿ ನೀರನ್ನು ನೋಡಬಹುದು. ಜೊತೆಗಿರುವ ಮಕ್ಕಳು ಅದರ ಬಣ್ಣ, ವಾಸನೆ, ಮೀನುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಮಗಳ ಮನೆಗೆ ಬರಿಗೈಲಿ ಹೋಗುವ ಪದ್ಧತಿ ಮಲೆನಾಡಿನಲ್ಲಿಲ್ಲ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಬುತ್ತಿಯಲ್ಲಿರುತ್ತವೆ. ಅದೇ ಮಗಳ ಮನೆಗೆ ವರ್ಷವಿಡೀ ಹರಿದುಹೋಗುವ ನೀರೂ ತವರಿನ ಉಡುಗೊರೆಯೇ. ಅದನ್ನು ಶುಚಿಯಾಗಿ ಕಳುಹಿಸುವುದು ತವರಿನವರ ಹೊಣೆ.