ಕಿವಿಗೂ ಸಿಗಲಿ ಕನ್ನಡ

ಕಣ್ಣು ಕಾಣದವರು ಸ್ಮಾರ್ಟ್‌ಫೋನ್ ಬಳಸಲು ಈಗ ಬೇರೆ ಯಂತ್ರ ಕೊಳ್ಳಬೇಕಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಇರುತ್ತದೆ. ಬೆರಳು ತಾಗಿದಲ್ಲಿ ಏನಿದೆಯೋ ಅದನ್ನು ಓದಿ ಹೇಳುತ್ತದೆ; ಎರಡು ಸಲ ತಟ್ಟಿದರೆ ತೆರೆಯುತ್ತದೆ. ಐಫೋನಿನಲ್ಲಿ ಇದೇ ಕೆಲಸ ಮಾಡುವ ವಾಯ್ಸ್‌ಓವರ್‌ಗೆ 2022ರಲ್ಲಿ ಕನ್ನಡದ ದನಿಯೂ ಬಂತು. ನೋಟಿನ ಬೆಲೆ ಹೇಳುವ ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್ 2020ರ ಜನವರಿಯಿಂದಲೇ ಇದೆ, ಅದಕ್ಕೆ ಇಂಟರ್ನೆಟ್ಟೂ ಬೇಡ. ಸವದತ್ತಿ ಯಲ್ಲಮ್ಮನ ಜಾತ್ರೆಯ ನೂಕುನುಗ್ಗಲಿನಲ್ಲಿ ತೆಂಗಿನಕಾಯಿ ಮಾರುವ ಕಣ್ಣು ಕಾಣದವರಿಗೆ ಇದು ಸಣ್ಣ ಮಾತಲ್ಲ.

ತೊಡಕು ಇರುವುದು ಓದಬೇಕಾದ ಕಡತದಲ್ಲಿ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಕನ್ನಡ ನೋಡಲಷ್ಟೇ ಕನ್ನಡ. ನುಡಿ ಫಾಂಟಿನ ‘ಕನ್ನಡ’ ಎಂಬ ಪದ ಕಂಪ್ಯೂಟರಿನೊಳಗೆ ಇಂಗ್ಲಿಷಿನ ‘ಪಿ’ ಅಕ್ಷರದಿಂದ ಶುರುವಾಗುತ್ತದೆ. ಟಾಕ್‌ಬ್ಯಾಕ್ ಅದನ್ನೇ ಗೊಣಗುತ್ತದೆ, ಕೇಳುವವರಿಗೆ ಒಂದಕ್ಷರವೂ ತಿಳಿಯದು. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ವಾಟ್ಸ್‌ಆ್ಯಪಿಗೆ ಹಾಕಿದರಂತೂ ಇನ್ನೂ ಕಷ್ಟ. ಬೈಲಹೊಂಗಲದ ವಿದ್ಯಾರ್ಥಿಯೊಬ್ಬ ಶಿಷ್ಯವೇತನದ ಕೊನೆಯ ದಿನಾಂಕ ತಿಳಿಯಲು ಪಕ್ಕದವರನ್ನು ಕೇಳಬೇಕಾಗುತ್ತದೆ, ಅದೂ ಕೈಯಲ್ಲಿ ಮಾತಾಡುವ ಫೋನ್ ಇದ್ದಾಗ.

ಇದು ದಾನಧರ್ಮದ ವಿಷಯವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ಸಿಗಬೇಕು ಎನ್ನುತ್ತದೆ. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಕಿತ್ತೂರು, ರಾಮದುರ್ಗದ ತಾಲ್ಲೂಕು ಕಚೇರಿಗಳಾಗಲಿ ಸಂಗೊಳ್ಳಿಯ ಪಂಚಾಯಿತಿಯಾಗಲಿ ಇದಕ್ಕೆ ಹೊಸ ಅನುದಾನ ಕಾಯಬೇಕಿಲ್ಲ. ಯಂತ್ರಕ್ಕೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ನಲ್ಲಿ ಟೈಪಿಸಿ, ಫೋಟೋದ ಜೊತೆ ಆ ಪಠ್ಯವನ್ನೂ ಕಳಿಸಿದರೆ ಸಾಕು. ಈ ಕೆಲಸ ಮುಂದಿನ ಸುತ್ತೋಲೆಯಿಂದಲೇ ಶುರುವಾಗಬೇಕು.