ಬಿಡಿಭಾಗ ಅಂದ್ರೆ ಸಣ್ಣ ಮಾತಲ್ಲ

ಕನ್ನಡ ಸಂಘದಿಂದ ಹಳೇಬೀಡು, ಬೇಲೂರಿಗೆ ಹೋಗಿದ್ವಿ. ಅರಸೀಕೆರೆವರೆಗೆ ರೈಲು, ಅಲ್ಲಿಂದ ಬಸ್ಸು. ದಾರೀಲಿ ಗುಬ್ಬಿ ಸ್ಟೇಷನ್ ಬಂದಾಗ ಒಬ್ಬ, "ಲೇ, ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಇರೋದು ಇದೇ ತಾಲ್ಲೂಕಲ್ವೇನೋ?" ಅಂದ. ಹೌದು, 615 ಎಕರೆಯ ಆ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯ್ತು. ಅರಸೀಕೆರೆ ಬರೋವರೆಗೂ ಅದೇ ಮಾತು. ಎಲ್ಲರಿಗೂ ಹೊಸ ಹೆಲಿಕಾಪ್ಟರ್ ಡಿಸೈನ್ ಮಾಡೋ ಆಸೆ. ಹಳೇದಕ್ಕೆ ಬಿಡಿಭಾಗ ಮಾಡ್ತೀನಿ ಅಂದೋರು ಒಬ್ಬರೂ ಇಲ್ಲ.

ಹಳೇದು ಅಂದ್ರೆ ಚೀತಾ. ಫ್ರಾನ್ಸಿನ ಲಾಮಾ ಹೆಲಿಕಾಪ್ಟರನ್ನು 1970ರ ಲೈಸೆನ್ಸ್ ಒಪ್ಪಂದದ ಮೇಲೆ ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿತು. ಫಿರಂಗಿ ಗುಂಡು ಗುಡ್ಡದಾಚೆ ಎಲ್ಲಿ ಬಿತ್ತು ಅಂತ ಮೇಲಿಂದ ನೋಡಿ ಹೇಳೋದು, ಗಡಿ ಮೇಲೆ ಕಣ್ಣಿಡೋದು, ಸಿಯಾಚಿನ್‌ನಿಂದ ಗಾಯಾಳುಗಳನ್ನು ಕೆಳಗಿಳಿಸೋದು ಅದರ ಕೆಲಸ. 1972ರಲ್ಲಿ ಲಾಮಾ 12,442 ಮೀಟರ್ ಏರಿ ವಿಶ್ವದಾಖಲೆ ಮಾಡಿತ್ತು. ಯಂತ್ರ ಗಟ್ಟಿ, ಅನುಮಾನವಿಲ್ಲ.

ಆದ್ರೆ ರೋಟರ್ ಬ್ಲೇಡು, ಗೇರ್‌ಬಾಕ್ಸ್‌ನಂಥ ಭಾಗಗಳಿಗೆ ಹಾರಾಟದ ಗಂಟೆಗಳ ಲೆಕ್ಕದಲ್ಲಿ ಆಯಸ್ಸು. ಅದು ಮುಗಿದ ಮೇಲೆ, ನೋಡೋಕೆ ಚೆನ್ನಾಗಿದ್ರೂ ಬಿಚ್ಚಲೇಬೇಕು. ಫ್ರಾನ್ಸಿನಲ್ಲಿ ಲಾಮಾ ತಯಾರಿಕೆ ನಿಂತು ದಶಕಗಳಾದವು. ಲೈಸೆನ್ಸ್ ಜೊತೆ ಬರೋ ಡ್ರಾಯಿಂಗ್‌ನಲ್ಲಿ ಅಳತೆ ಇರುತ್ತೆ. ಆ ಅಳತೆ ಯಾಕೆ ಅಷ್ಟೇ ಅನ್ನೋದು ಡಿಸೈನ್ ಮಾಡಿದವರ ತಲೆಯಲ್ಲೇ ಉಳಿಯುತ್ತೆ. ಆ 'ಯಾಕೆ' ಗೊತ್ತಿಲ್ಲದೆ ಒಂದು ಬೋಲ್ಟನ್ನೂ ಧೈರ್ಯವಾಗಿ ಬದಲಿಸೋಕಾಗಲ್ಲ.

ಗುಬ್ಬಿಯ ಉದ್ಘಾಟನೆಯಾಗಿ ಆರು ವಾರ ತುಂಬುವ ಮೊದಲೇ, ಮಾರ್ಚ್ 16ರಂದು, ಅರುಣಾಚಲದಲ್ಲಿ ಸೇನೆಯ ಚೀತಾ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. ಬಿಡಿಭಾಗವೇ ಕಾರಣ ಅಂತ ನಾವು ಹೇಳ್ತಿಲ್ಲ. ಬದಲಿಗೆ ಬರಬೇಕಾದ ಎಲ್‌ಯುಎಚ್ ಮೊದಲು ಹಾರಿದ್ದು 2016ರಲ್ಲಿ. ಹೊಸದು ಕೈಗೆ ಬರೋವರೆಗೂ ಹಳೇದರಲ್ಲೇ ಹಾರ್ಬೇಕಲ್ಲ, ಆ ಜೀವಗಳನ್ನು ಕಾಯೋದು ಬಿಡಿಭಾಗವೇ.

ಬೇಲೂರಿನಲ್ಲಿ ಗೈಡ್ ಶಿಲ್ಪಗಳ ಪೀಠದಲ್ಲಿರೋ ಅಕ್ಷರ ತೋರಿಸಿದ್ರು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. 1117ರ ಗುಡಿಯಲ್ಲಿ ಯಾವ ಕಲ್ಲು ಯಾರ ಕೈಯದು ಅಂತ ಇವತ್ತಿಗೂ ಓದ್ಬಹುದು. ಹೆಲಿಕಾಪ್ಟರ್ ಭಾಗಕ್ಕೂ ಹೀಗೇ ದಾಖಲೆ ಇರುತ್ತೆ: ಯಾರು ಮಾಡಿದ್ದು, ಯಾವಾಗ, ಎಷ್ಟು ಗಂಟೆ ಹಾರಿದೆ. ಅದಿಲ್ಲದ ಭಾಗ ಎಷ್ಟು ಹೊಳೀತಿದ್ರೂ ಹಾಕೋ ಹಾಗಿಲ್ಲ. ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳೋ? ಸೀನಿಯರ್‌ದು ಕಾಪಿ ಹೊಡೆದದ್ದು. 'ಯಾಕೆ' ಅಂತ ಬರೆದಿಟ್ಟೋರೇ ಇಲ್ಲ.

ನಮ್ಮ ವರ್ಕ್‌ಶಾಪಿನ ಮೂಲೇಲಿ ಒಂದು ಗೇರ್ ಸಿಗದೆ ಲೇತ್ ಸುಮ್ನೆ ನಿಂತಿದೆ. ಡ್ರೋನ್ ಮಾಡೋರು ಮಾಡಲಿ. ಈ ಸಲ ನಾಲ್ಕು ಜನ ಆ ಗೇರ್ ತಗೊಳ್ಳೋಣ. ಹಲ್ಲು ಎಣಿಸಿ, ಗಡಸುತನ ಅಳೆದು, ಹೊಸದು ಕಡೆದು ಕೂರಿಸೋಣ. ಯಾಕೆ ಹಾಗೆ ಮಾಡಿದ್ವಿ ಅಂತ ಹೆಸರು ಸಮೇತ ಬರೆದಿಡೋಣ. ಲೇತ್ ತಿರುಗಿದ್ರೆ, ಗುಬ್ಬಿಗೆ ಕೆಲಸ ಕೇಳೋಕೆ ಹೋಗುವಾಗ ಹೇಳೋಕೆ ನಮ್ಮ ಹತ್ರ ಏನಾದ್ರೂ ಇರುತ್ತೆ.